ನೆಟ್ ಬಳಿ ನಿಂತವನನ್ನು ನೋಡಿ

ಬೆಂಗಳೂರು ಓಪನ್ ನಡೆದಾಗಲೆಲ್ಲ ಕಬ್ಬನ್ ಪಾರ್ಕಿನ ಟೆನಿಸ್ ಕ್ರೀಡಾಂಗಣದಲ್ಲಿ ನನ್ನ ಹೊಟ್ಟೆ ಉರಿಸುವ ಗಳಿಗೆಯೊಂದು ಬರುತ್ತದೆ. ಸಿಂಗಲ್ಸ್ ಪಂದ್ಯ ಮುಗಿಯುತ್ತದೆ, ಆಟಗಾರರು ಕೈಕುಲುಕುತ್ತಾರೆ, ಮುಂದಿನದು ಪುರುಷರ ಡಬಲ್ಸ್ ಎಂಬ ಘೋಷಣೆ ಕೇಳಿಬರುತ್ತದೆ. ಅಷ್ಟಕ್ಕೇ ಕಾಯುತ್ತಿದ್ದವರಂತೆ ಜನ ಬ್ಯಾಗು ಹೆಗಲಿಗೇರಿಸಿಕೊಂಡು ಮೆಟ್ರೊ ಕಡೆಗೆ ನಡೆದುಬಿಡುತ್ತಾರೆ. ನಾಲ್ವರು ಆಟಗಾರರು ಒಳಗೆ ಬರುವಾಗ ಅವರಿಗೆ ಕಾಣುವುದು ಬೆನ್ನುಗಳ ಸಾಲು.

ಬೇರೆ ಯಾವ ಊರಿನಲ್ಲಾದರೂ ಇದನ್ನು ಸಹಿಸಿಕೊಳ್ಳುತ್ತಿದ್ದೆನೇನೋ. ಆದರೆ ಇದು ಬೆಂಗಳೂರು. ರೋಹನ್ ಬೋಪಣ್ಣ ಹುಟ್ಟಿದ ಊರು. ಕೊಡಗಿನ ಕಾಫಿ ತೋಟದ ಮನೆಯ ಈ ಹುಡುಗ 2024ರ ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಪ್ರಶಸ್ತಿ ಎತ್ತಿದಾಗ ಅವರಿಗೆ 43 ವರ್ಷ. ಅದೇ ವಾರ ಡಬಲ್ಸ್‌ನಲ್ಲಿ ವಿಶ್ವದ ಒಂದನೇ ಸ್ಥಾನ. ಮೊದಲ ಬಾರಿಗೆ ಆ ಸ್ಥಾನಕ್ಕೇರಿದವರಲ್ಲಿ ಅಷ್ಟು ವಯಸ್ಸಾದವರು ಅವರಿಗಿಂತ ಮುಂಚೆ ಯಾರೂ ಇರಲಿಲ್ಲ. ಮಂಡಿಯ ಮೃದ್ವಸ್ಥಿ ಪೂರ್ತಿ ಸವೆದಿದ್ದ ಕಾಲದಲ್ಲಿ ಅಯ್ಯಂಗಾರ್ ಯೋಗ ಹಿಡಿದು ಮತ್ತೆ ನಿಂತ ಮನುಷ್ಯ. ಆ ವಾರ ನಮ್ಮ ಫೇಸ್‌ಬುಕ್ ಗೋಡೆಗಳೆಲ್ಲ ಅವರ ಚಿತ್ರವೇ. ಮುಂದಿನ ತಿಂಗಳು ಬೆಂಗಳೂರು ಓಪನ್‌ನ ಡಬಲ್ಸ್ ಶುರುವಾದಾಗ ಮತ್ತೆ ಅದೇ ಬೆನ್ನುಗಳು. ನಾವು ಬೋಪಣ್ಣನವರನ್ನು ಕೊಂಡಾಡಿದೆವು, ಅವರ ಆಟವನ್ನು ನೋಡಲಿಲ್ಲ. ಈ ಮಾತನ್ನು ಬೇಸರದಿಂದಲೇ ಬರೆಯುತ್ತಿದ್ದೇನೆ.

ಎದ್ದು ಹೋಗುವವರನ್ನು ಕೇಳಿದರೆ ಸಿಗುವ ಉತ್ತರ ಒಂದೇ: ಡಬಲ್ಸ್‌ನಲ್ಲಿ ಏನೂ ಕಾಣುವುದಿಲ್ಲ, ಎರಡು ಹೊಡೆತಕ್ಕೆ ಪಾಯಿಂಟ್ ಮುಗಿದುಹೋಗುತ್ತದೆ. ಚೆಂಡಿನ ಹಿಂದೆ ಕಣ್ಣು ಓಡಿಸಿದರೆ ಅದು ನಿಜವೂ ಹೌದು. ಸಿಂಗಲ್ಸ್ ಕಲಿಸಿದ ಅಭ್ಯಾಸ ಅದು. ಡಬಲ್ಸ್‌ನಲ್ಲಿ ಕಣ್ಣು ಇರಬೇಕಾದದ್ದು ರ‍್ಯಾಕೆಟ್‌ಗೆ ಇನ್ನೂ ಚೆಂಡು ತಾಕದವನ ಮೇಲೆ, ನೆಟ್ ಬಳಿ ಬಾಗಿ ನಿಂತವನ ಮೇಲೆ. ಸರ್ವ್‌ಗೆ ಮುಂಚೆ ಅವನು ಎಡಗೈಯನ್ನು ಬೆನ್ನ ಹಿಂದೆ ಒಯ್ದು ಜೊತೆಗಾರನಿಗೆ ಸನ್ನೆ ಮಾಡುತ್ತಾನೆ. ಸಾಮಾನ್ಯವಾಗಿ ಮುಷ್ಟಿ ಎಂದರೆ ಇಲ್ಲೇ ಇರುತ್ತೇನೆ, ಬಿಚ್ಚಿದ ಅಂಗೈ ಎಂದರೆ ಆ ಕಡೆಗೆ ದಾಟುತ್ತೇನೆ. ಒಂದೊಂದು ಜೋಡಿಯ ಭಾಷೆ ಒಂದೊಂದು ಬಗೆ. ಎದುರಾಳಿಗೆ ಅದು ಕಾಣುವುದಿಲ್ಲ. ಆದರೆ ಸರ್ವ್ ಮಾಡುವವನ ಹಿಂದಿನ ಗ್ಯಾಲರಿಯಲ್ಲಿ ಕೂತ ನಮಗೆ ಕಾಣುತ್ತದೆ! ಮುಂದೇನು ನಡೆಯಲಿದೆ ಎಂಬುದು ರಿಟರ್ನ್ ಮಾಡುವವನಿಗಿಂತ ಮೊದಲು ಪ್ರೇಕ್ಷಕನಿಗೆ ಗೊತ್ತಾಗುವ ಇಂಥ ಆಟ ಇನ್ನೊಂದು ಎಲ್ಲಿದೆ?

ನಾನು ಮತ್ತು ನನ್ನ ಭಾವ ಹನ್ನೊಂದು ವರ್ಷಗಳಿಂದ ಭಾನುವಾರದ ಬೆಳಗ್ಗೆ ಬಡಾವಣೆಯ ಅಂಕಣದಲ್ಲಿ ಜೋಡಿಯಾಗಿ ಆಡುತ್ತಿದ್ದೇವೆ. ಸನ್ನೆ ಮಾಡಿ ದಾಟುವುದೆಂದರೆ ಏನೆಂದು ನನಗೆ ಗೊತ್ತು. ನಾನು ದಾಟಿದರೆ ನನ್ನ ಬೆನ್ನ ಹಿಂದೆ ಅರ್ಧ ಅಂಕಣ ಬಯಲಾಗುತ್ತದೆ; ಅದನ್ನು ಭಾವ ತುಂಬುತ್ತಾರೆ ಎಂದು ನಂಬಿ, ತಿರುಗಿ ನೋಡದೆ ಓಡಬೇಕು. ಆ ನಂಬಿಕೆ ಬರುವುದಕ್ಕೆ ನಮಗೆ ಎರಡು ವರ್ಷ ಹಿಡಿಯಿತು.

ವೃತ್ತಿಪರ ಆಟಗಾರರಿಗೆ ಅಷ್ಟು ಪುರುಸೊತ್ತು ಎಲ್ಲಿದೆ? ಅನೇಕರು ಸೋಮವಾರ ಜೋಡಿಯಾಗಿ ಶನಿವಾರ ಫೈನಲ್ ಆಡುತ್ತಾರೆ. ರಾಮ್‌ಕುಮಾರ್ ರಾಮನಾಥನ್ ಇದೇ ಅಂಕಣದಲ್ಲಿ ಮೂರು ಸಲ ಡಬಲ್ಸ್ ಗೆದ್ದಿದ್ದಾರೆ: 2020ರಲ್ಲಿ ಪೂರವ್ ರಾಜಾ ಜೊತೆ, 2022 ಮತ್ತು 2024ರಲ್ಲಿ ಸಾಕೇತ್ ಮೈನೇನಿ ಜೊತೆ. 2020ರ ಫೈನಲ್ ನೆನಪಿದೆಯೇ? ಎದುರಿಗಿದ್ದವರು 46 ವರ್ಷದ ಲಿಯಾಂಡರ್ ಪೇಸ್, ವಿದಾಯದ ವರ್ಷವೆಂದು ಸಾರಿಕೊಂಡು ತಾಯ್ನಾಡಿನಲ್ಲಿ ಆಡಲು ಬಂದವರು. ಅಂದು ಅವರು 6-0, 6-3ರಲ್ಲಿ ಸೋತರು. ಆಗ ಪೇಸ್ ಪಕ್ಕದಲ್ಲಿ ನಿಂತು ಸೋತ ಆಸ್ಟ್ರೇಲಿಯಾದ ಆಟಗಾರ ಮ್ಯಾಥ್ಯೂ ಎಬ್ಡೆನ್. ನಾಲ್ಕು ವರ್ಷಗಳ ನಂತರ ಮೆಲ್ಬರ್ನ್‌ನಲ್ಲಿ ಬೋಪಣ್ಣನವರನ್ನು ಅಪ್ಪಿಕೊಂಡ ಜೊತೆಗಾರನೂ ಇದೇ ಎಬ್ಡೆನ್. ಕಬ್ಬನ್ ಪಾರ್ಕಿನಲ್ಲಿ ನಮ್ಮ ಕಣ್ಣೆದುರೇ ಇದ್ದವನನ್ನು ಆಗ ಯಾರು ಗಮನಿಸಿದ್ದೆವು? ನಾನೂ ಲಿಯಾಂಡರ್ ಅವರನ್ನಷ್ಟೇ ನೋಡುತ್ತಿದ್ದೆ.

ಜನ ಬರುವುದಿಲ್ಲ ಎಂದು ಆಟವನ್ನೇ ಕತ್ತರಿಸಿದ್ದು ನನ್ನ ಎರಡನೆಯ ತಕರಾರು. ಬೆಂಗಳೂರಿನಂಥ ಚಾಲೆಂಜರ್ ಟೂರ್ನಿಗಳ (ಮುಖ್ಯ ಎಟಿಪಿ ಟೂರ್ನಿಗಳಿಗಿಂತ ಒಂದು ಮೆಟ್ಟಿಲು ಕೆಳಗಿನವು) ಡಬಲ್ಸ್‌ನಲ್ಲಿ 40-40 ಆದರೆ ಎರಡು ಪಾಯಿಂಟ್‌ಗಳ ಮುನ್ನಡೆಗೆ ಕಾಯುವುದಿಲ್ಲ; ಒಂದೇ ಪಾಯಿಂಟ್, ಗೇಮ್ ಮುಗಿಯಿತು. ಇಬ್ಬರೂ ಒಂದೊಂದು ಸೆಟ್ ಗೆದ್ದರೆ ಮೂರನೆಯ ಸೆಟ್ ಇಲ್ಲ, ಹತ್ತು ಪಾಯಿಂಟ್‌ಗಳ ಟೈಬ್ರೇಕ್. ವೇಳಾಪಟ್ಟಿಗೆ ಇದು ಅನುಕೂಲ ಎಂಬುದನ್ನು ಒಪ್ಪುತ್ತೇನೆ. ಒಂದೇ ದಿನ ಸಿಂಗಲ್ಸ್, ಡಬಲ್ಸ್ ಎರಡೂ ಆಡುವವರ ಮೈಗೂ ಅನುಕೂಲವಿರಬಹುದು. ಆದರೆ ಒಂದು ಜೋಡಿ ತಪ್ಪು ತಿದ್ದಿಕೊಂಡು, ನಿಲ್ಲುವ ಜಾಗ ಬದಲಿಸಿ, ಎದುರಾಳಿಯ ರಿಟರ್ನ್ ಓದಿಕೊಂಡು ಮೇಲೆದ್ದು ಬರುವುದು ಮೂರನೆಯ ಸೆಟ್‌ನಲ್ಲೇ. ಗ್ರ್ಯಾಂಡ್‌ಸ್ಲಾಮ್‌ಗಳಲ್ಲಿ ಅದು ಇನ್ನೂ ಉಳಿದಿದೆ. ಬೋಪಣ್ಣ ಮತ್ತು ಎಬ್ಡೆನ್ ಮೆಲ್ಬರ್ನ್‌ನಲ್ಲಿ ಮೊದಲ ಸುತ್ತನ್ನೂ ಸೆಮಿಫೈನಲ್ಲನ್ನೂ ಗೆದ್ದದ್ದು ಪೂರ್ತಿ ಮೂರು ಸೆಟ್ ಆಡಿ. ಎರಡೂ ಸಲ ಮೂರನೆಯ ಸೆಟ್ 6-6ರವರೆಗೆ ಎಳೆಯಿತು. ನನ್ನ ಬೇಡಿಕೆ ಬಹಳ ದೊಡ್ಡದೇನೂ ಅಲ್ಲ: ಚಾಲೆಂಜರ್‌ಗಳಲ್ಲಿ ಫೈನಲ್‌ಗಾದರೂ ಮೂರನೆಯ ಸೆಟ್ ಕೊಡಿ. ಆ ದಿನ ಶಾಲಾ ಮಕ್ಕಳನ್ನು ಅಂಕಣದ ತುದಿಯ ಗ್ಯಾಲರಿಯಲ್ಲಿ ಉಚಿತವಾಗಿ ಕೂರಿಸಿ.

ಮಕ್ಕಳು ಎಂದಾಗ ನೆನಪಾಯಿತು. 2024ರ ಟೂರ್ನಿಗೆ ಅಕ್ಕನ ಮಗನನ್ನು ಕರೆದೊಯ್ದಿದ್ದೆ. ಹತ್ತು ವರ್ಷದವನು. ಸಿಂಗಲ್ಸ್ ಮುಗಿದ ಕೂಡಲೇ ಅವನೂ ಎದ್ದ. ಹದಿನೈದು ನಿಮಿಷ ಕೂತಿರು, ಆಮೇಲೆ ಹೋಗೋಣ ಎಂದು ಒಪ್ಪಿಸಿ, ಬೇಸ್‌ಲೈನ್ ಹಿಂದಿನ ಸಾಲಿಗೆ ಕರೆದುಕೊಂಡು ಹೋದೆ. ಚೆಂಡು ನೋಡಬೇಡ, ಮುಂದೆ ನಿಂತವನ ಬೆರಳು ನೋಡು ಎಂದೆ. ನಾಲ್ಕೈದು ಗೇಮ್ ಸುಮ್ಮನಿದ್ದ. ಆಮೇಲೆ ನನ್ನ ತೋಳು ಹಿಡಿದು ಪಿಸುಗುಟ್ಟಿದ, "ಮಾವ, ಈಗ ದಾಟುತ್ತಾನೆ ನೋಡು." ದಾಟಿಯೇಬಿಟ್ಟ. ರಿಟರ್ನ್ ಮಾಡುವವನು ಅದನ್ನು ಊಹಿಸಿ ಚೆಂಡನ್ನು ಬಯಲಾದ ಜಾಗಕ್ಕೆ ನೇರವಾಗಿ ಬಾರಿಸಿದ, ಪಾಯಿಂಟ್ ಹೋಯಿತು. ಹುಡುಗ ಆಗಲೇ ಎದ್ದು ನಿಂತಿದ್ದ, ಎರಡೂ ಕೈ ಮೇಲೆತ್ತಿಕೊಂಡು. ಹದಿನೈದು ನಿಮಿಷ ದಾಟಿ ಎಷ್ಟೋ ಹೊತ್ತಾಗಿತ್ತು.