ಮುಂದಿನ ಸಾಲಿನವರಿಗೂ ಕೇಳಿಸಲಿ

ಕಳೆದ ತಿಂಗಳು ಒಂದು ಭಾನುವಾರ ನಮ್ಮ ಚರ್ಚ್‌ನಲ್ಲಿ ಪಾಸ್ಟರ್ ಬೈಬಲ್‌ನಲ್ಲಿ ಪ್ರವಾದಿ ಆಮೋಸನ ಪುಸ್ತಕದ ಎಂಟನೇ ಅಧ್ಯಾಯ ತೆಗೆದುಕೊಂಡರು. ಅಳತೆ ಕಿರಿದು ಮಾಡಿ, ಬೆಲೆ ಜಾಸ್ತಿ ಮಾಡಿ, ತಕ್ಕಡಿಯಲ್ಲಿ ಮೋಸ ಮಾಡುವವರ ಬಗ್ಗೆ ಇರುವ ಭಾಗ ಅದು. ನಮ್ಮ ಪಾಸ್ಟರ್‌ಗೆ ಇನ್ನೂ ಚಿಕ್ಕ ವಯಸ್ಸು. ಓದಿ ಮುಗಿಸಿ ತಲೆ ಎತ್ತಿದರು. "ಕೆಲಸ ಮಾಡಿಸಿಕೊಂಡು ಕೂಲಿ ಹಿಡಿದಿಟ್ಟುಕೊಂಡೋರು ಇಲ್ಲೂ ಕೂತಿರಬಹುದು. ನಾನು ಇವತ್ತು ಅವರ ಹತ್ತಿರಾನೇ ಮಾತಾಡ್ತಿದ್ದೀನಿ" ಅಂದರು.

ಇಡೀ ಸಭೆ ಗಪ್‌ಚುಪ್. ಮುಂದಿನ ಸಾಲಿನಲ್ಲಿ ಯಾರೋ ಬೈಬಲ್ ಕವರಿನ ಜಿಪ್ ಎಳೆದರು. ಆ ಸದ್ದು ಹಿಂದೆ ಕೂತಿದ್ದ ನನಗೂ ಕೇಳಿಸಿತು.

ಆರಾಧನೆ ಮುಗಿದ ಮೇಲೆ ಪಾಸ್ಟರ್ ಎಂದಿನಂತೆ ಬಾಗಿಲ ಹತ್ತಿರ ನಿಂತಿದ್ದರು. ಬಹಳ ಜನ ಪಕ್ಕದ ಬಾಗಿಲಿಂದ ಹೊರಟುಬಿಟ್ಟರು. ಒಬ್ಬ ಹಿರಿಯರು ಮಾತ್ರ ಹತ್ತಿರ ಬಂದು, ತುಂಬಾ ಮೆತ್ತಗೆ, "ಅಯ್ಯನವರೇ, ಆತ್ಮಿಕ ವಿಷಯ ಮಾತಾಡಿ. ಇದೆಲ್ಲ ಲೋಕದ ಸಮಾಚಾರ, ನಮಗ್ಯಾಕೆ?" ಅಂದರು. ಒಳ್ಳೆಯ ಮನುಷ್ಯ ಅವರು. ಸಿಟ್ಟಿನಿಂದ ಹೇಳಿದ್ದೂ ಅಲ್ಲ. ಆದರೆ ಆ ಮಾತು ಅವತ್ತಿನಿಂದ ನನ್ನನ್ನು ಕೊರೆಯುತ್ತಿದೆ.

ಸುತ್ತ ಒಮ್ಮೆ ನೋಡಿ. ದೊಡ್ಡ ಸ್ಥಾನದಲ್ಲಿ ಇರುವವರು ಹಸಿ ಸುಳ್ಳು ಹೇಳಿ ಸಿಕ್ಕಿಬಿದ್ದರೂ ತಲೆ ತಗ್ಗಿಸುವುದಿಲ್ಲ. ಹೆಣ್ಣುಮಕ್ಕಳ ಬಗ್ಗೆ ಬಾಯಿಗೆ ಬಂದದ್ದು ಬರೆದವನಿಗೆ ಸಾವಿರ ಲೈಕ್ ಬೀಳುತ್ತದೆ. ಜೂಜು ಮೊಬೈಲ್ ಒಳಗೇ ಬಂದು ಕೂತಿದೆ. ಮೋಸ ಮಾಡಿ ಮೇಲೆ ಬಂದವನನ್ನು "ಜಾಣ ಕಣಪ್ಪ" ಅಂತ ಮಕ್ಕಳ ಎದುರೇ ಹೊಗಳುತ್ತೇವೆ. ತಪ್ಪು ಹಿಂದೆಯೂ ನಡೆಯುತ್ತಿತ್ತು, ಗೊತ್ತು. ಆದರೆ ಸ್ವಲ್ಪ ನಾಚಿಕೆಯೂ ಇತ್ತು, ಕದ್ದುಮುಚ್ಚಿ ಮಾಡುತ್ತಿದ್ದರು. ಈಗ ಆ ನಾಚಿಕೆಯೇ ಹೋಗುತ್ತಿದೆ. ನನಗೆ ಭಯ ಆಗುವುದು ಅದಕ್ಕೇ.

ಇಂಥ ಹೊತ್ತಲ್ಲಿ ಚರ್ಚ್ ಮಾತಾಡಬೇಕಾ ಅಂತ ಕೇಳಿದರೆ, ಮಾತಾಡಲೇಬೇಕು ಅನ್ನುತ್ತೇನೆ. ದೇವರು ಪ್ರವಾದಿ ಯೆಹೆಜ್ಕೇಲನಿಗೆ ಕೊಟ್ಟದ್ದು ಕಾವಲುಗಾರನ ಕೆಲಸ. ಕತ್ತಿ ಬರುವುದನ್ನು ಕಂಡೂ ಕೊಂಬು ಊದದೆ ಸುಮ್ನೆ ಕೂತರೆ, ಸತ್ತವರ ರಕ್ತಕ್ಕೆ ಅವನೇ ಉತ್ತರ ಕೊಡಬೇಕು. ನನ್ನ ತಕರಾರು ಇರುವುದು ಬೇರೆ ಕಡೆ. ಸಭೆಯಲ್ಲಿ ಇಲ್ಲದವರ ಪಾಪದ ಬಗ್ಗೆ ನಾವು ಜೋರಾಗಿ ಮಾತಾಡುತ್ತೇವೆ. ಯುವಕರು ಕಡಿಮೆ ಬಂದ ದಿನ ಯುವಕರ ಬಟ್ಟೆ, ಫೋನು, ಗೆಳೆತನದ ಬಗ್ಗೆ ಪ್ರಸಂಗ. ಕುಡುಕರು ಯಾರೂ ಇಲ್ಲದ ಸಭೆಯಲ್ಲಿ ಕುಡಿತದ ಬಗ್ಗೆ ಪ್ರಸಂಗ. ಎಲ್ಲರೂ ಆಮೆನ್ ಅನ್ನುತ್ತಾರೆ. ಯಾರಿಗೂ ಏನೂ ಚುಚ್ಚುವುದಿಲ್ಲ. ದುಡ್ಡು, ಸುಳ್ಳು ಲೆಕ್ಕ, ಮನೆಯೊಳಗಿನ ಹೊಡೆತ, ಲಂಚದಲ್ಲಿ ಬಂದ ಕಾಣಿಕೆ, ಇವುಗಳ ಹತ್ತಿರ ಬಂದರೆ ಮಾತ್ರ "ಆತ್ಮಿಕ ವಿಷಯ ಮಾತಾಡಿ" ಅನ್ನುವ ಮಾತು ಬರುತ್ತದೆ.

ಆಮೋಸನಿಗೂ ಇದೇ ಆಯಿತು. ಅವನು ಕುರಿ ಕಾಯುತ್ತಿದ್ದವನು, ಅತ್ತಿಯ ಮರ ನೋಡಿಕೊಳ್ಳುತ್ತಿದ್ದವನು. ಬಡವರನ್ನು ಒಂದು ಜೊತೆ ಕೆರಕ್ಕೆ ಮಾರುತ್ತೀರಿ ಅಂತ, ಇಸ್ರಾಯೇಲ್ ಅರಸನ ದೇವಾಲಯ ಇದ್ದ ಬೇತೇಲಿಗೇ ಬಂದು ಹೇಳಿದ. ಅವನ ಬಾಯಿ ಮುಚ್ಚಿಸಲು ಬಂದವನು ದೇವಾಲಯದ ಯಾಜಕ ಅಮಚ್ಯ. ಇದು ಅರಸನ ಆಲಯ, ಯೆಹೂದಕ್ಕೆ ಹೋಗಿ ಅಲ್ಲಿ ಹೇಳಿಕೋ ಅಂದ. ಆಮೋಸನನ್ನು ಓಡಿಸಲು ನೋಡಿದ್ದು ಹೊರಗಿನವರಲ್ಲ, ನಮ್ಮಂಥ ದೇವರ ಮನೆಯವರೇ. ಆ ಭಾಗ ಎಷ್ಟು ಸಲ ಓದಿದರೂ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಇತಿಹಾಸದಲ್ಲಿ ನಾನು ಮತ್ತೆ ಮತ್ತೆ ನೋಡುವ ಹೆಸರು ಬ್ರಿಟನ್ನಿನ ಸಂಸದ ವಿಲಿಯಂ ವಿಲ್ಬರ್‌ಫೋರ್ಸ್. 1787ರಲ್ಲಿ ಅವರು ಡೈರಿಯಲ್ಲಿ ಬರೆದುಕೊಂಡರು: ದೇವರು ನನ್ನ ಮುಂದೆ ಎರಡು ದೊಡ್ಡ ಕೆಲಸ ಇಟ್ಟಿದ್ದಾನೆ, ಒಂದು ಗುಲಾಮರ ವ್ಯಾಪಾರ ನಿಲ್ಲಿಸುವುದು, ಇನ್ನೊಂದು ಜನರ ನಡತೆ ತಿದ್ದುವುದು. ಎರಡೂ ಒಂದೇ ಉಸಿರಿನಲ್ಲಿ. ಇವತ್ತು ನಾವು ಇವನ್ನು ಹರಿದು ಹಂಚಿಕೊಂಡಿದ್ದೇವೆ. ಕೆಲವರಿಗೆ ನಡತೆಯ ಮಾತು ಸಾಕು, ಕೆಲವರಿಗೆ ನ್ಯಾಯದ ಮಾತು ಸಾಕು. ವಿಲ್ಬರ್‌ಫೋರ್ಸ್ ಅವರಿಗೆ ಎರಡೂ ಬೇಕಿತ್ತು. ಬ್ರಿಟನ್ ಆ ವ್ಯಾಪಾರವನ್ನು ನಿಲ್ಲಿಸಿದ್ದು 1807ರಲ್ಲಿ, ಇಪ್ಪತ್ತು ವರ್ಷದ ಮೇಲೆ.

ಅದೇ ಕಾಲದ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಬಾರ್ಬಡೋಸ್ ದ್ವೀಪದ ಕಾಡ್ರಿಂಗ್ಟನ್ ಕಬ್ಬಿನ ತೋಟ ಯಾರ ಕೈಯಲ್ಲಿತ್ತು ಗೊತ್ತಾ? ಸುವಾರ್ತೆ ಸಾರಲೆಂದೇ ಇದ್ದ ಆಂಗ್ಲಿಕನ್ ಸಂಸ್ಥೆಯ ಕೈಯಲ್ಲಿ. ಅಲ್ಲಿನ ಗುಲಾಮರ ಎದೆಯ ಮೇಲೆ ಒಂದು ಕಾಲದಲ್ಲಿ "ಸೊಸೈಟಿ" ಅಂತ ಕಾದ ಕಬ್ಬಿಣದಿಂದ ಬರೆ ಹಾಕುತ್ತಿದ್ದರು. ಚರ್ಚ್ ಆಫ್ ಇಂಗ್ಲೆಂಡ್ ಇದಕ್ಕೆ ಕ್ಷಮೆ ಕೇಳಿದ್ದು 2006ರಲ್ಲಿ. ಊರಿಗೆಲ್ಲ ಬುದ್ಧಿ ಹೇಳುವ ಬಾಯಿ ತನ್ನ ತೋಟದ ಬಗ್ಗೆ ಅಷ್ಟು ವರ್ಷ ಸುಮ್ಮನಿತ್ತು.

ಮಾತಿನಿಂದ ಏನಾಗುತ್ತೆ ಬಿಡಿ ಅನ್ನುವವರು ಇದ್ದಾರೆ. 1941ರ ಆಗಸ್ಟ್ 3ರಂದು ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ ಬಿಷಪ್ ಫಾನ್ ಗಾಲೆನ್ ಒಂದು ಪ್ರಸಂಗ ಮಾಡಿದರು. ಅಂಗವಿಕಲರನ್ನು, ಮಾನಸಿಕ ರೋಗಿಗಳನ್ನು ಸರ್ಕಾರವೇ ಕೊಲ್ಲಿಸುತ್ತಿತ್ತು. ಅದನ್ನು ಕೊಲೆ ಅಂತಲೇ ಕರೆದರು. ಪ್ರಸಂಗದ ಪ್ರತಿಗಳು ಕೈಯಿಂದ ಕೈಗೆ ಗುಟ್ಟಾಗಿ ಹೋದವು. ಅದೇ ತಿಂಗಳು ಹಿಟ್ಲರ್ ಆ ಯೋಜನೆ ನಿಲ್ಲಿಸಲು ಹೇಳಬೇಕಾಯಿತು. ಕೊಲೆಗಳು ಪೂರ್ತಿ ನಿಲ್ಲಲಿಲ್ಲ, ಬೇರೆ ದಾರಿಯಲ್ಲಿ ಗುಟ್ಟಾಗಿ ನಡೆದವು. ಆದರೂ ಒಂದು ಪ್ರಸಂಗಕ್ಕೆ ಅಷ್ಟು ದೊಡ್ಡ ಸರ್ಕಾರ ಅಳುಕಿತು. ಹಾಗಾದರೆ ಯೆಹೂದ್ಯರಿಗಾಗಿಯೂ ಅಷ್ಟೇ ಗಟ್ಟಿಯಾಗಿ ಯಾಕೆ ಎಲ್ಲ ಪ್ರಸಂಗಪೀಠಗಳಿಂದ ದನಿ ಏಳಲಿಲ್ಲ? 1945ರ ಅಕ್ಟೋಬರ್‌ನಲ್ಲಿ ಪ್ರೊಟೆಸ್ಟೆಂಟ್ ಮುಖಂಡರು ಸ್ಟುಟ್‌ಗಾರ್ಟ್‌ನಲ್ಲಿ ಸೇರಿ, ನಾವು ಇನ್ನೂ ಧೈರ್ಯವಾಗಿ ಸಾಕ್ಷಿ ಕೊಡಬೇಕಿತ್ತು ಅಂತ ತಮ್ಮ ಮೇಲೇ ತಪ್ಪು ಹೊರಿಸಿಕೊಂಡರು. ಆ ಹೊತ್ತಿಗೆ ಲಕ್ಷಗಟ್ಟಲೆ ಜನ ಸತ್ತಾಗಿತ್ತು.

ಮಕ್ಕಳ ಮೇಲಿನ ದೌರ್ಜನ್ಯವನ್ನು ಮುಚ್ಚಿಟ್ಟ ಚರ್ಚ್‌ಗಳಿಗೆ ಮಾತಾಡುವ ಹಕ್ಕೇ ಇಲ್ಲ ಅನ್ನುತ್ತಾರೆ. ಈ ಮಾತು ನನಗೆ ನೋವು ಕೊಡುತ್ತದೆ, ಆದರೆ ಅವರ ಸಿಟ್ಟು ನ್ಯಾಯವಾದದ್ದೇ. ಅಮೆರಿಕದ ಬಾಸ್ಟನ್‌ನ ಕ್ಯಾಥೊಲಿಕ್ ಚರ್ಚ್‌ನಲ್ಲಿ 2002ರಲ್ಲಿ ಬಯಲಾದದ್ದು ಒಬ್ಬಿಬ್ಬರ ತಪ್ಪಲ್ಲ, ತಪ್ಪು ಮಾಡಿದ ಪಾದ್ರಿಗಳನ್ನು ಒಂದು ಚರ್ಚ್‌ನಿಂದ ಇನ್ನೊಂದಕ್ಕೆ ಕಳಿಸುತ್ತಿದ್ದ ವ್ಯವಸ್ಥೆ. ನ್ಯಾಯವಿಚಾರಣೆ ದೇವರ ಮನೆಯಿಂದಲೇ ಶುರು ಅಂತ ಯೇಸುವಿನ ಶಿಷ್ಯ ಪೇತ್ರ ಬರೆದಿದ್ದಾನಲ್ವಾ? ಹಾಗಾದರೆ ನಮ್ಮ ಮೊದಲ ಮಾತು ನಮ್ಮ ತಪ್ಪಿನ ಬಗ್ಗೆಯೇ ಇರಲಿ. ಲೆಕ್ಕಪುಸ್ತಕ ಸಭೆಯ ಮುಂದೆ ತೆರೆದಿಡೋಣ. ದೂರು ಬಂದರೆ ಒಳಗೊಳಗೇ ಮುಗಿಸದೆ ಪೊಲೀಸರಿಗೆ ಹೇಳೋಣ. ಯಾರಿಗೆ ವೋಟು ಹಾಕಬೇಕು ಅಂತ ಪಾಸ್ಟರ್ ಹೇಳುವುದು ನನಗೆ ಬೇಡ. ಸುಳ್ಳನ್ನು ಸುಳ್ಳು ಅನ್ನಲಿ, ಹೇಳಿದವರು ಯಾವ ಪಕ್ಷದವರೇ ಆಗಿರಲಿ.

ಆ ಭಾನುವಾರದ ಉಳಿದ ಕಥೆ ಹೇಳಿಲ್ಲ. ನಮ್ಮ ಮನೆಗೆಲಸಕ್ಕೆ ಬರುವಾಕೆ ಹಿಂದಿನ ತಿಂಗಳು ಜ್ವರ ಅಂತ ಆರು ದಿನ ಬಂದಿರಲಿಲ್ಲ. ನಾನು ಆ ಆರು ದಿನದ ಸಂಬಳ ಹಿಡಿದುಕೊಂಡಿದ್ದೆ. ನನಗೆ ಜ್ವರ ಬಂದಾಗ ನನ್ನ ಆಫೀಸು ಒಂದು ದಿನದ್ದೂ ಹಿಡಿಯುವುದಿಲ್ಲ. ಪಾಸ್ಟರ್ "ಅವರ ಹತ್ತಿರಾನೇ" ಅಂದಾಗ ಪಾಪ ಮಾಡಿದ ಅರಸ ದಾವೀದನಿಗೆ ಪ್ರವಾದಿ ನಾತಾನ ಹೇಳಿದ ಹಾಗೆ, ಆ ಮನುಷ್ಯ ನೀನೇ ಅಂತ ನನಗೇ ಹೇಳಿದಂತೆ ಕೇಳಿಸಿತು. ಮಾರನೇ ದಿನ ದುಡ್ಡು ಕೊಟ್ಟೆ. ಆಕೆ ಎಣಿಸಲಿಲ್ಲ. "ಯಾಕಕ್ಕಾ?" ಅಂದಳು. "ನಿನ್ನದೇ, ನಾನು ಹಿಡಿದುಕೊಂಡಿದ್ದು ತಪ್ಪು" ಅಂದೆ. ಹತ್ತಾರು ವರ್ಷದಲ್ಲಿ ನೂರಾರು ಪ್ರಸಂಗ ಕೇಳಿದ್ದೇನೆ, ಇಷ್ಟು ನೇರವಾಗಿ ಮನೆವರೆಗೂ ಬಂದದ್ದು ಇದೊಂದೇ.

ಮುಂದಿನ ವಾರ ನಮ್ಮ ಕಮಿಟಿ ಸಭೆ ಇದೆ. "ಪ್ರಸಂಗದ ವಿಷಯಗಳು" ಅಂತ ಒಂದು ವಿಷಯ ಪಟ್ಟಿಗೆ ಸೇರಿದೆ. ಯಾರು ಸೇರಿಸಿದರು, ಯಾಕೆ ಸೇರಿಸಿದರು ಅಂತ ನಮಗೆಲ್ಲ ಗೊತ್ತು. ನಾನು ಎದ್ದು ನಿಂತು ಆ ಆರು ದಿನದ ಸಂಬಳದ ಕಥೆ ಹೇಳುತ್ತೇನೆ.