ಮಿಸಿಸಿಪ್ಪಿಯ ಕ್ಯಾಸಿನೊ ಹಡಗುಗಳು: ಒಂದು ಸ್ಪಷ್ಟನೆ

‘ಅಮೆರಿಕದ ಮಿಸಿಸಿಪ್ಪಿ ನದಿಯ ಕ್ಯಾಸಿನೊ ಹಡಗುಗಳು 19ನೇ ಶತಮಾನದವು, ಇವತ್ತಿಗೂ ನದಿಯಲ್ಲಿ ಸುತ್ತಾಡಿಸುತ್ತಾ ಜೂಜಾಡಿಸುತ್ತವೆ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಓದೋಕೆ ಚೆನ್ನಾಗಿದೆ, ಆದರೆ ಸರಿಯಲ್ಲ.

ಹಳೇ ಉಗಿ ಹಡಗುಗಳಲ್ಲಿ ಇಸ್ಪೀಟು ನಡೆಯುತ್ತಿದ್ದದ್ದು ನಿಜ. ಅದೇನೂ ಮರ್ಯಾದೆಯ ಕಸುಬಾಗಿರಲಿಲ್ಲ. 1835ರಲ್ಲಿ ವಿಕ್ಸ್‌ಬರ್ಗ್ ಊರಿನ ಜನ ಐವರು ಜೂಜುಕೋರರನ್ನು ವಿಚಾರಣೆಯೇ ಇಲ್ಲದೆ ಗಲ್ಲಿಗೇರಿಸಿದ್ದರು!

ಈಗಿನ ಕ್ಯಾಸಿನೊಗಳ ಕಥೆ ಶುರುವಾಗುವುದು ಅಯೋವಾ ರಾಜ್ಯದಲ್ಲಿ. 1989ರಲ್ಲಿ ಹಡಗಿನ ಮೇಲೆ ಜೂಜಿಗೆ ಅವಕಾಶ ಕೊಡುವ ಕಾನೂನು ಬಂತು, 1991ರ ಏಪ್ರಿಲ್ 1ರಂದು ಹಡಗುಗಳು ಹೊರಟವು. ಹಳೇ ಕಾಲದ ನೋಟವೆಲ್ಲ ಸುಮ್ನೆ ಅಲಂಕಾರ. ಒಂದು ಆಟಕ್ಕೆ 5 ಡಾಲರ್‌ಗಿಂತ ಜಾಸ್ತಿ ಕಟ್ಟುವಂತಿರಲಿಲ್ಲ. ಒಂದು ಪ್ರಯಾಣದಲ್ಲಿ 200 ಡಾಲರ್‌ಗಿಂತ ಹೆಚ್ಚು ಕಳೆದುಕೊಳ್ಳುವಂತೆಯೂ ಇರಲಿಲ್ಲ. ಪಕ್ಕದ ರಾಜ್ಯಗಳ ಪೈಪೋಟಿ ಜೋರಾದಾಗ, 1994ರಲ್ಲಿ ಈ ಮಿತಿ ಹೋಯಿತು.

ಸುತ್ತಾಟವೂ ಬರಬರುತ್ತಾ ನಿಂತಿತು. ಮಿಸೌರಿಯಲ್ಲಂತೂ ನದಿಯ ಪಕ್ಕ ಹೊಂಡ ತೋಡಿ, ನೀರು ತುಂಬಿಸಿ, ಅದರ ಮೇಲೆ ಕ್ಯಾಸಿನೊ ಕಟ್ಟಿದರು. ಕಾನೂನಿಗೆ ಅದೂ ದೋಣಿಯೇ! ಮಿಸಿಸಿಪ್ಪಿ ರಾಜ್ಯದ ಕರಾವಳಿಯಲ್ಲಿ 2005ರ ಕತ್ರಿನಾ ಚಂಡಮಾರುತ ತೇಲುವ ಕ್ಯಾಸಿನೊಗಳನ್ನು ಎತ್ತಿ ದಡಕ್ಕೆ ಎಸೆಯಿತು. ಆಮೇಲೆ ಅಲ್ಲಿ ನೀರಿನಿಂದ 800 ಅಡಿಯೊಳಗೆ ನೆಲದ ಮೇಲೂ ಕಟ್ಟಲು ಅನುಮತಿ ಸಿಕ್ಕಿತು.

ಈಗ ಇವುಗಳ ಆಕರ್ಷಣೆ ಹೋಟೆಲ್, ಊಟ, ಸಂಗೀತ ಕಾರ್ಯಕ್ರಮ. ಅಮೆರಿಕದಲ್ಲಿ ನೆಲೆಸಿರುವ ನಿಮ್ಮ ಮಕ್ಕಳ ಮನೆಗೆ ಹೋದಾಗ ನದಿ ನೋಡುವ ಆಸೆಯಿದ್ದರೆ, ಬೇರೆ ಪ್ರವಾಸಿ ದೋಣಿಯ ಟಿಕೆಟ್ ತೆಗೆದುಕೊಳ್ಳಿ.