ಓದೋಕೆ ಹೋದವಳು ಊರು ಸುತ್ತಬಾರದಾ?

"ಓದೋಕೆ ಹೋಗಿದ್ದೀಯೋ, ಊರು ಸುತ್ತೋಕೆ ಹೋಗಿದ್ದೀಯೋ?"

ಎರಡು ವರ್ಷದ ಹಿಂದೆ ದೊಡ್ಡಪ್ಪ ಕಳಿಸಿದ ಮೆಸೇಜ್ ಇದು. ನಾನು ವಾಟ್ಸಾಪ್ ಸ್ಟೇಟಸ್‌ಗೆ ಒಂದೇ ಒಂದು ಫೋಟೋ ಹಾಕಿದ್ದೆ. ಜರ್ಮನಿಯ ಹ್ಯಾಂಬರ್ಗ್ ಬಂದರಿನಲ್ಲಿ ನಾವು ನಾಲ್ಕು ಜನ ಗಾಳಿಗೆ ಕೂದಲು ಕೆದರಿಕೊಂಡು ನಗುತ್ತಾ ನಿಂತಿದ್ದ ಫೋಟೋ. ದೊಡ್ಡಪ್ಪ ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ನನ್ನ ಎಜುಕೇಶನ್ ಲೋನ್‌ಗಾಗಿ ಅಪ್ಪನ ಜೊತೆ ಬ್ಯಾಂಕಿಗೆ ಅಲೆದವರು ಅವರೇ. ಆದರೂ ಆ ಮಾತು ತುಂಬಾ ನೋಯಿಸಿತು. ತಕ್ಷಣ ಫೋಟೋ ತೆಗೆದುಬಿಟ್ಟೆ. ಆಮೇಲೆ ಓದು ಮುಗಿಯುವವರೆಗೂ ಎಲ್ಲಿಗೆ ಹೋದರೂ ಒಂದು ಫೋಟೋ ಹಾಕಲಿಲ್ಲ.

ಹಾಗೆ ತೆಗೆದಿದ್ದು ತಪ್ಪು ಅಂತ ಈಗ ಅನ್ನಿಸುತ್ತದೆ. ಆವತ್ತು ಕೊಡದ ಉತ್ತರವನ್ನು ಇವತ್ತು ಬರೆಯುತ್ತಿದ್ದೇನೆ. ದೊಡ್ಡಪ್ಪನಿಗೆ ಮಾತ್ರ ಅಲ್ಲ. ಮಕ್ಕಳನ್ನು ಹೊರದೇಶಕ್ಕೆ ಓದಲು ಕಳಿಸಿರುವ ಎಲ್ಲರಿಗೂ. ಶನಿವಾರ ರೂಮಿನ ಬಾಗಿಲು ಹಾಕಿಕೊಂಡು ಯೂರೋವನ್ನು ರೂಪಾಯಿಗೆ ಗುಣಿಸುತ್ತಾ ಕೂತಿರುವ ಮಕ್ಕಳಿಗೂ.

ನಾನು 2023ರ ಅಕ್ಟೋಬರ್‌ನಲ್ಲಿ ಜರ್ಮನಿಯ ಮಾಗ್ಡೆಬುರ್ಗ್‌ಗೆ ಮಾಸ್ಟರ್ಸ್ ಮಾಡಲು ಹೋದೆ. ವೀಸಾಕ್ಕೆ ಮೊದಲೇ ಬ್ಲಾಕ್ಡ್ ಅಕೌಂಟ್‌ನಲ್ಲಿ 11,208 ಯೂರೋ ಇಡಬೇಕಿತ್ತು. ಅದರಿಂದ ತಿಂಗಳಿಗೆ 934 ಯೂರೋ ಮಾತ್ರ ನಮ್ಮ ಕೈಗೆ ಬರುತ್ತಿತ್ತು. ಬಾಡಿಗೆ, ಹೆಲ್ತ್ ಇನ್ಶೂರೆನ್ಸ್, ದಿನಸಿ ಎಲ್ಲ ಅದರಲ್ಲೇ. ಅಪ್ಪ ಆಲ್ದೂರಿನ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು. ಅಮ್ಮ ಚಿಕ್ಕಮಗಳೂರಿನಲ್ಲಿ ಕಾಫಿ ಹದ ಮಾಡುವ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಹನ್ನೊಂದು ವರ್ಷ ಕಾಫಿ ಬೀಜ ಆರಿಸಿದವರು. ಮನೆ ಪತ್ರ ಬ್ಯಾಂಕಿನಲ್ಲಿತ್ತು. ಇಂಥ ಮನೆಯಿಂದ ಹೋದವರಿಗೆ ಒಂದು ಕಾಫಿ ಕುಡಿಯಲೂ ಕೈ ಬರುವುದಿಲ್ಲ. ಮೂರು ಯೂರೋ ಅಂದರೆ 270 ರೂಪಾಯಿ ಅಂತ ಆಗ ತಲೆ ತಾನಾಗೇ ಲೆಕ್ಕ ಹಾಕುತ್ತಿತ್ತು.

ಮೊದಲ ಏಳು ತಿಂಗಳು ನಾನು ಎಲ್ಲಿಗೂ ಹೋಗಲಿಲ್ಲ. ಕ್ಲಾಸು, ಲೈಬ್ರರಿ, ಸಂಜೆ ಒಂದು ವೇರ್‌ಹೌಸ್‌ನಲ್ಲಿ ಆರ್ಡರಿನ ಮಾಲು ಹೆಕ್ಕಿಕೊಡುವ ಪಿಕ್ಕಿಂಗ್ ಕೆಲಸ. ಚಳಿಗಾಲದಲ್ಲಿ ಅಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು. ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ. ರಸ್ತೆಯಲ್ಲಿ ಜನವೇ ಇರುವುದಿಲ್ಲ. ಅಮ್ಮ ಫೋನ್ ಮಾಡಿದಾಗ "ಚೆನ್ನಾಗಿದ್ದೀನಿ" ಅನ್ನುತ್ತಿದ್ದೆ. ಫೋನ್ ಇಟ್ಟ ಮೇಲೆ ಆ ಇಡೀ ದಿನ ಇನ್ನೊಬ್ಬರ ಜೊತೆ ಕನ್ನಡದಲ್ಲಿರಲಿ, ಇಂಗ್ಲಿಷಿನಲ್ಲೂ ಮಾತಾಡಿರುತ್ತಿರಲಿಲ್ಲ.

ಹೊರಡಿಸಿದ್ದು ನಮ್ಮ ಕಾರಿಡಾರಿನ ಧಾರವಾಡದ ಗೆಳತಿ. "ಟಿಕೆಟ್ ಕೈಯಾಗ ಐತಿ, ಊರು ಐತಿ, ಕುಂತು ಏನ್ ಮಾಡ್ತಿ? ನಡಿ ಹೋಗೂಣು" ಅಂದಳು. ಅವಳು ಹೇಳಿದ್ದು ನಿಜವೇ ಆಗಿತ್ತು. ಜರ್ಮನಿಯಲ್ಲಿ ಡಾಯ್ಚ್‌ಲಾಂಡ್ ಟಿಕೆಟ್ ಅಂತ ಇದೆ. ಆಗ ತಿಂಗಳಿಗೆ 49 ಯೂರೋ ಇತ್ತು. 2024ರ ಬೇಸಿಗೆ ಸೆಮಿಸ್ಟರಿನಲ್ಲಿ ಅದರ ವಿದ್ಯಾರ್ಥಿ ದರ ತಿಂಗಳಿಗೆ 29.40 ಯೂರೋ ಇತ್ತು. ಸೆಮಿಸ್ಟರ್ ಫೀಸಿನ ಜೊತೆಗೇ ಕಟ್ಟಿಸಿಕೊಂಡಿದ್ದರು. ದೇಶದ ಯಾವ ಊರಿನ ಸಿಟಿ ಬಸ್ಸು, ಟ್ರಾಮು, ಲೋಕಲ್ ರೈಲಿಗೂ ಅದೇ ಟಿಕೆಟ್. ವೇಗದ ರೈಲು ಮಾತ್ರ ಹತ್ತುವ ಹಾಗಿಲ್ಲ. ಅಂದರೆ ನಿಧಾನಕ್ಕೆ ಹೋಗಲು ಒಪ್ಪಿದರೆ ಪ್ರಯಾಣಕ್ಕೆ ಹೆಚ್ಚುವರಿ ಖರ್ಚು ಸೊನ್ನೆ.

ಹೀಗೆ ಮೇ ತಿಂಗಳ ಕೊನೆಯ ಶನಿವಾರ ಬೆಳಗಿನ ಜಾವ ಹ್ಯಾಂಬರ್ಗ್‌ಗೆ ಹೊರಟೆವು. ನಾನು, ಧಾರವಾಡದವಳು, ವಿಜಯವಾಡದ ಒಬ್ಬ ಹುಡುಗ, ಢಾಕಾದ ಒಬ್ಬಳು ಹುಡುಗಿ. ಚೀಲದಲ್ಲಿ ಚಪಾತಿ ಸುರುಳಿ, ಶೇಂಗಾ ಚಟ್ನಿ ಪುಡಿ, ಡಬ್ಬಿ ತುಂಬ ಪುಳಿಯೋಗರೆ. ಸ್ಟೆಂಡಾಲ್, ಸಾಲ್ಟ್ಸ್‌ವೇಡೆಲ್ ಅಂತ ಸಣ್ಣ ಸಣ್ಣ ಊರುಗಳನ್ನು ದಾಟುತ್ತಾ ರೈಲು ಹೋಗುತ್ತಿತ್ತು. ಯುಲ್ಟ್ಸೆನ್‌ನಲ್ಲಿ ಇಳಿದು ಬೇರೆ ರೈಲು ಹತ್ತಬೇಕು. ಆ ಸ್ಟೇಷನ್ ನೋಡಿ ನಾಲ್ವರೂ ಸುಮ್ನೆ ನಿಂತುಬಿಟ್ಟೆವು. ಬಣ್ಣ ಬಣ್ಣದ ಹೆಂಚಿನ ಕಂಬಗಳು, ಮೇಲೆ ಚಿನ್ನದ ಬಣ್ಣದ ಗುಂಡುಗಳು. ಆಸ್ಟ್ರಿಯಾದ ಕಲಾವಿದ ಹುಂಡರ್ಟ್‌ವಾಸರ್ ಮಾಡಿದ ವಿನ್ಯಾಸ. ಹಳೇ ಸ್ಟೇಷನ್ನಿನ ಈ ಹೊಸ ರೂಪ 2000ದಲ್ಲಿ ಮುಗಿಯಿತು. ಅದನ್ನು ನೋಡದೆಯೇ ಅದೇ ವರ್ಷ ಅವರು ತೀರಿಕೊಂಡಿದ್ದರು. ವೇಗದ ರೈಲಿನಲ್ಲಿ ಹೋಗಿದ್ದರೆ ನಾವು ಇಲ್ಲಿ ಇಳಿಯುತ್ತಲೇ ಇರಲಿಲ್ಲ.

ಹ್ಯಾಂಬರ್ಗ್ ಬಗ್ಗೆ ನಾನು ಎಲ್ಲ ಹೇಳಲು ಹೋಗುವುದಿಲ್ಲ. ನೋಡುವ ಜಾಗಗಳ ಪಟ್ಟಿ ಫೋನಿನಲ್ಲೇ ಸಿಗುತ್ತದೆ. ನನಗೆ ಮುಖ್ಯ ಅನ್ನಿಸಿದ್ದು, ಆ ಊರು ಬಡ ವಿದ್ಯಾರ್ಥಿಗಳಿಗೂ ಎಷ್ಟೊಂದು ಕೊಡುತ್ತದೆ ಅನ್ನುವುದು. ಲಾಂಡುಂಗ್ಸ್‌ಬ್ರುಕೆನ್ ಅನ್ನುವ ಜೆಟ್ಟಿಯಿಂದ 62ನೇ ನಂಬರಿನ ಫೆರಿ ಹೊರಡುತ್ತದೆ. ಅದು ಊರಿನ ಸಾರಿಗೆಗೇ ಸೇರಿದ್ದು, ನಮ್ಮ ಟಿಕೆಟ್ಟೇ ಸಾಕು. ಮೇಲಿನ ಡೆಕ್ಕಿನಲ್ಲಿ ಕೂತರೆ ಒಂದು ಕಡೆ ದೊಡ್ಡ ದೊಡ್ಡ ಕ್ರೇನುಗಳು, ಕಂಟೇನರ್ ಹಡಗುಗಳು, ಇನ್ನೊಂದು ಕಡೆ ಮರಳಿನ ದಂಡೆಯಲ್ಲಿ ಆಟವಾಡುವ ಮಕ್ಕಳು. ಆ ನದಿ ಎಲ್ಬೆ. ನಮ್ಮ ಮಾಗ್ಡೆಬುರ್ಗ್‌ನಲ್ಲೂ ಅದೇ ನದಿ ಹರಿಯುತ್ತದೆ. ಏಳು ತಿಂಗಳು ಟ್ರಾಮಿನ ಕಿಟಕಿಯಿಂದ ನೋಡಿದ ನೀರು ಇಲ್ಲಿ ಇಷ್ಟು ಅಗಲವಾಗಿ ಸಮುದ್ರದ ಕಡೆ ಹೊರಟಿತ್ತು. ಅಜ್ಜಿ ಊರು ಬಾಳೆಹೊನ್ನೂರಿನ ಭದ್ರೆಯನ್ನು ಮೊದಲ ಸಲ ಕೂಡ್ಲಿಯಲ್ಲಿ ತುಂಗೆಯ ಜೊತೆ ನೋಡಿದಾಗ ಆದ ಖುಷಿಯೇ ಆವತ್ತೂ ಆಯಿತು.

ನದಿಯ ಅಡಿಯಲ್ಲಿ 1911ರಲ್ಲಿ ತೆರೆದ ಒಂದು ಸುರಂಗ ಇದೆ. 24 ಮೀಟರ್ ಆಳ, 426 ಮೀಟರ್ ಉದ್ದ. ಆಗ ಹಡಗುಕಟ್ಟೆಗೆ ಕೆಲಸಕ್ಕೆ ಹೋಗುತ್ತಿದ್ದ ಕಾರ್ಮಿಕರಿಗಾಗಿ ಕಟ್ಟಿದ್ದು. ಈಗಲೂ ನಡೆದು ಹೋಗುವವರಿಗೆ ಪುಕ್ಕಟೆ. ಗೋಡೆಯ ಹೆಂಚಿನಲ್ಲಿ ಮೀನು, ಏಡಿಗಳನ್ನು ಮೂಡಿಸಿದ್ದಾರೆ. ಕೆಲಸದವರು ದಿನಾ ನಡೆಯುವ ದಾರಿಯನ್ನು ಇಷ್ಟು ಚೆಂದ ಮಾಡಬೇಕು ಅಂತ ಯಾರಿಗೋ ಅನ್ನಿಸಿತಲ್ಲ ಅಂತ ನನಗೆ ಗಂಟಲು ತುಂಬಿ ಬಂತು. ನಾನೂ ಆಗ ರಾತ್ರಿ ಪಾಳಿ ಮುಗಿಸಿ ಖಾಲಿ ರಸ್ತೆಯಲ್ಲಿ ಬಸ್ಸಿಗೆ ಕಾಯುವವಳೇ ಆಗಿದ್ದೆ.

ಸೇಂಟ್ ನಿಕೋಲಾಯ್ ಚರ್ಚಿನ ಹತ್ತಿರ ಮಾತ್ರ ಯಾರೂ ಜಾಸ್ತಿ ಮಾತಾಡಲಿಲ್ಲ. 147 ಮೀಟರಿನ ಗೋಪುರ. 1874ರಿಂದ 1876ರವರೆಗೆ ಜಗತ್ತಿನಲ್ಲೇ ಎತ್ತರದ ಕಟ್ಟಡ ಅದಾಗಿತ್ತು. 1943ರ ಜುಲೈನಲ್ಲಿ ಬ್ರಿಟನ್, ಅಮೆರಿಕದ ವಿಮಾನಗಳು ಸುರಿಸಿದ ಬಾಂಬಿಗೆ ಊರಿನಲ್ಲಿ 30,000ಕ್ಕೂ ಹೆಚ್ಚು ಜನ ಸತ್ತರು. ಚರ್ಚಿನ ಗೋಪುರ ಉಳಿಯಿತು, ಚಾವಣಿ ಬಿತ್ತು. ಉಳಿದ ಗೋಡೆಗಳಲ್ಲಿ ಹೆಚ್ಚಿನದನ್ನು ಯುದ್ಧ ಮುಗಿದ ಮೇಲೆ ಕೆಡವಿದರು. ಅದನ್ನು ಮತ್ತೆ ಕಟ್ಟದೆ ಹಾಗೇ ಬಿಟ್ಟಿದ್ದಾರೆ. ಢಾಕಾದ ಗೆಳತಿ 1971ರಲ್ಲಿ ತನ್ನ ಅಜ್ಜ ಮನೆ ಬಿಟ್ಟು ಓಡಿದ್ದನ್ನು ಅಲ್ಲೇ ಮೆಟ್ಟಿಲ ಮೇಲೆ ಕೂತು ಹೇಳಿದಳು. ಅದುವರೆಗೆ ಅವಳು ನನಗೆ ಲ್ಯಾಬಿನಲ್ಲಿ ಪಕ್ಕ ಕೂರುವವಳು ಮಾತ್ರ ಆಗಿದ್ದಳು.

ಇನ್ನು ಸ್ಪೈಶರ್‌ಸ್ಟಾಟ್. ಹೆಸರಿನ ಅರ್ಥವೇ ಗೋದಾಮುಗಳ ಪಟ್ಟಣ. ಕಾಲುವೆಗಳ ಅಕ್ಕಪಕ್ಕ ಕೆಂಪು ಇಟ್ಟಿಗೆಯ ಎತ್ತರದ ಗೋದಾಮುಗಳು ಒಂದೂವರೆ ಕಿಲೋಮೀಟರ್ ಉದ್ದಕ್ಕೂ ಸಾಲಾಗಿ ನಿಂತಿವೆ. ನೀರಿನ ಕೆಸರಿನಲ್ಲಿ ಮರದ ಕಂಬಗಳನ್ನು ಹೊಡೆದು ಅದರ ಮೇಲೆ ಕಟ್ಟಿದ್ದಾರೆ. 1883ರಲ್ಲಿ ಕೆಲಸ ಶುರುವಾಗಿ 1888ರಲ್ಲಿ ಉದ್ಘಾಟನೆ. ಅದೇ ವರ್ಷ ಹ್ಯಾಂಬರ್ಗ್ ಜರ್ಮನಿಯ ಸುಂಕದ ವ್ಯವಸ್ಥೆಗೆ ಸೇರಿತು. ವ್ಯಾಪಾರಿಗಳು ಸುಂಕ ಕಟ್ಟದೆ ಮಾಲು ಇಟ್ಟುಕೊಳ್ಳಲು ಒಂದು ಜಾಗ ಬೇಕಿತ್ತು. ಅದಕ್ಕಾಗಿ ಅಲ್ಲಿ ವಾಸವಿದ್ದ ಸುಮಾರು 20,000 ಜನರನ್ನು ಎಬ್ಬಿಸಿದರು. 2015ರಿಂದ ಇದು ಯುನೆಸ್ಕೋ ವಿಶ್ವ ಪರಂಪರೆಯ ತಾಣ. ಕಾಫಿ, ಚಹಾ, ಕೋಕೋ, ಮಸಾಲೆ, ರತ್ನಗಂಬಳಿ ಎಲ್ಲ ಇಲ್ಲಿಗೆ ಬಂದು ಇಳಿಯುತ್ತಿತ್ತು. ಮಾಳಿಗೆಯ ತುದಿಯಲ್ಲಿ ಮೂಟೆ ಎತ್ತುವ ರಾಟೆಗಳು ಇನ್ನೂ ಇವೆ.

ಅಲ್ಲಿನ ಹಳೇ ಗೋದಾಮೊಂದರಲ್ಲಿ ಸಣ್ಣ ಮ್ಯೂಸಿಯಂ ಇದೆ. ಮೂಟೆ ಹೊರುವವರ ಕೊಕ್ಕೆ, ತಕ್ಕಡಿ, ಮಾದರಿ ತೆಗೆಯುವ ಕೊಳವೆ ಇಟ್ಟಿದ್ದಾರೆ. ಕಪ್ಪು ಬಿಳುಪಿನ ಒಂದು ಚಿತ್ರದ ಮುಂದೆ ನನ್ನ ಕಾಲು ನಿಂತುಬಿಟ್ಟಿತು. ಉದ್ದನೆಯ ಮೇಜು. ಸಾಲಾಗಿ ಹೆಂಗಸರು. ಮುಂದೆ ರಾಶಿ ಕಾಫಿ ಬೀಜ. ತಲೆ ತಗ್ಗಿಸಿ ಕೈಯಲ್ಲಿ ಕೆಟ್ಟ ಬೀಜ ಆರಿಸುತ್ತಿದ್ದಾರೆ.

ಅದು ನನ್ನ ಅಮ್ಮ. ಬಟ್ಟೆ ಬೇರೆ, ಬಣ್ಣ ಬೇರೆ, ಬೆನ್ನು ಬಾಗಿದ ರೀತಿ ಅದೇ. ಬ್ಲ್ಯಾಕ್ ಬೀಜ ಒಂದು ಕಡೆ, ಒಡೆದದ್ದು ಒಂದು ಕಡೆ. ಸೀಸನ್ನಿನಲ್ಲಿ ಸಂಜೆ ಮನೆಗೆ ಬಂದರೆ ಅಮ್ಮನ ಸೆರಗಿನಲ್ಲಿ, ಕೂದಲಲ್ಲಿ ಆ ಹೊಟ್ಟಿನ ಧೂಳು ಇರುತ್ತಿತ್ತು. ಚಿಕ್ಕವಳಿದ್ದಾಗ ನಾನು "ಈ ಕಾಫಿ ಎಲ್ಲಿಗೆ ಹೋಗುತ್ತಮ್ಮಾ?" ಅಂತ ಕೇಳುತ್ತಿದ್ದೆ. "ಹೊರದೇಶಕ್ಕೆ" ಅನ್ನುತ್ತಿದ್ದಳು. ಅಷ್ಟೇ ಅವಳಿಗೆ ಗೊತ್ತಿದ್ದದ್ದು. ನಮ್ಮ ಕಾಫಿ ಹೆಚ್ಚಾಗಿ ಹೋಗುವುದು ಇಟಲಿ, ಜರ್ಮನಿಗಳಿಗೆ. ಅಮ್ಮ ಹೇಳುತ್ತಿದ್ದ ಹೊರದೇಶದ ನೆಲದ ಮೇಲೆ ನಾನು ನಿಂತಿದ್ದೆ. ಅಲ್ಲಿಯೂ ಅಮ್ಮನಂಥವರು ಇದ್ದರು. ನಾನು ಅತ್ತೆ. ವಿಜಯವಾಡದ ಹುಡುಗ ಏನೂ ಕೇಳದೆ ನೀರಿನ ಬಾಟಲಿ ಕೊಟ್ಟು ಪಕ್ಕದಲ್ಲಿ ನಿಂತ.

ರಾತ್ರಿ ಆರು ಮಂಚದ ಹಾಸ್ಟೆಲ್ ರೂಮಿನಲ್ಲಿ ಮಲಗಿದೆವು. ಭಾನುವಾರ ಐದು ಗಂಟೆಗೇ ಎದ್ದು ಮೀನು ಮಾರುಕಟ್ಟೆಗೆ ಹೋದೆವು. 1703ರಿಂದ ನಡೆಯುತ್ತಿರುವ ಸಂತೆ. ಬೆಳಗ್ಗೆ ಒಂಬತ್ತೂವರೆಗೆಲ್ಲ ಮುಗಿಯುತ್ತದೆ. ಬುಟ್ಟಿ ತುಂಬ ಹಣ್ಣು ಹಿಡಿದು ಕೂಗಿ ಕೂಗಿ ಮಾರುವ ಗಂಡಸರನ್ನು ನೋಡಿದರೆ ನಮ್ಮ ಬುಧವಾರದ ಸಂತೆಯೇ ನೆನಪಾಗುತ್ತದೆ. ಜರ್ಮನ್ನರು ಇಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ದಾಲ್ಚಿನ್ನಿ ಹಾಕಿದ ಫ್ರಾಂಟ್ಸ್‌ಬ್ರೋಟ್‌ಶೆನ್ ಅನ್ನುವ ಬನ್ನು ತಿಂದೆವು. ಹ್ಯಾಂಬರ್ಗಿಗೆ ಹೋದವರು ಅದನ್ನು ತಿನ್ನದೆ ಬರಬೇಡಿ.

ವಾಪಸ್ ಬರುವಾಗ ನಮ್ಮ ರೈಲು ತಡವಾಯಿತು. ಯುಲ್ಟ್ಸೆನ್‌ನಲ್ಲಿ ಮುಂದಿನ ರೈಲು ತಪ್ಪಿತು. ಬಣ್ಣದ ಕಂಬಗಳ ಕೆಳಗೆ ಸುಮಾರು ಎರಡು ಗಂಟೆ ಕಾಯಬೇಕಾಯಿತು. ಉಳಿದ ಪುಳಿಯೋಗರೆ ಹಂಚಿಕೊಂಡು ತಿನ್ನುತ್ತಿದ್ದೆವು. ಆಗ ಧಾರವಾಡದವಳು ತುತ್ತು ಕೈಯಲ್ಲೇ ಹಿಡಿದುಕೊಂಡು ಹೇಳಿದಳು: "ಒಂದ ಪೇಪರ್ ಎರಡ ಸಲ ಫೇಲ್ ಆಗೇನಿ. ಮನ್ಯಾಗ ಯಾರಿಗೂ ಹೇಳಿಲ್ಲ. ನಿದ್ದಿ ಬರಂಗಿಲ್ಲ."

ನಮ್ಮ ಕೋರ್ಸಿನಲ್ಲಿ ಒಂದು ಪೇಪರ್‌ಗೆ ಮೂರೇ ಅವಕಾಶ. ಮೂರನೆಯದೂ ಹೋದರೆ ಕೋರ್ಸಿನಿಂದಲೇ ಹೊರಗೆ. ಆಮೇಲೆ ವೀಸಾ ಏನಾಗುತ್ತದೋ, ಲೋನ್ ಏನಾಗುತ್ತದೋ. ಎಲ್ಲರನ್ನೂ ನಗಿಸುತ್ತಿದ್ದ ಹುಡುಗಿ ಇದನ್ನು ನಾಲ್ಕು ತಿಂಗಳಿಂದ ಒಬ್ಬಳೇ ಹೊತ್ತುಕೊಂಡಿದ್ದಳು. ನಾವು ಒಂದೇ ಅಡುಗೆಮನೆಯಲ್ಲಿ ದಿನಾ ಅನ್ನ ಮಾಡುತ್ತಿದ್ದವರು. ನನಗೆ ಗೊತ್ತೇ ಇರಲಿಲ್ಲ. ಆ ಪೇಪರನ್ನು ವಿಜಯವಾಡದ ಹುಡುಗ ಮೊದಲ ಸಲಕ್ಕೇ ಪಾಸು ಮಾಡಿದ್ದ. ಅಲ್ಲೇ ಬೆಂಚಿನ ಮೇಲೆ ಕೂತು ಯಾವ ವಾರ ಯಾವ ಪಾಠ ಅಂತ ಬರೆದುಕೊಂಡರು. ಆಮೇಲೆ ಎರಡು ತಿಂಗಳು ಪ್ರತಿ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಇಬ್ಬರೂ ಕೂತರು. ಜುಲೈನಲ್ಲಿ ಅವಳು ಪಾಸಾದಳು.

ದೊಡ್ಡಪ್ಪಾ, ಆ ಎರಡು ದಿನಕ್ಕೆ ನನಗೆ ಆದ ಖರ್ಚು 58 ಯೂರೋ. ಆಗ ಅಲ್ಲಿ ಕನಿಷ್ಠ ಕೂಲಿ ಗಂಟೆಗೆ 12.41 ಯೂರೋ. ವೇರ್‌ಹೌಸಿನಲ್ಲಿ ಹೆಚ್ಚುಕಡಿಮೆ ಐದು ಗಂಟೆ ದುಡಿದರೆ ಬರುವ ದುಡ್ಡು ಅದು. ಲೋನ್ ದುಡ್ಡಲ್ಲ, ನನ್ನ ಕೂಲಿಯ ದುಡ್ಡು. ಅದು ದಂಡ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ರಜೆ ಸಿಕ್ಕಿದ ತಕ್ಷಣ ಒಂಬತ್ತು ದಿನಕ್ಕೆ ಐದು ದೇಶ ಅಂತ ಓಡುವವರನ್ನೂ ನೋಡಿದ್ದೇನೆ. ನನಗೆ ಅದು ಇಷ್ಟವಿಲ್ಲ. ಕ್ರೆಡಿಟ್ ಕಾರ್ಡಿನ ಸಾಲ ಮಾಡಿ, ಪ್ರತಿ ಊರಿನಲ್ಲಿ ಮೂರು ಗಂಟೆ ನಿಂತು ಬರುವುದರಲ್ಲಿ ಗೆಳೆಯರ ಜೊತೆ ಮಾತಿಗೂ ಸಮಯ ಇರುವುದಿಲ್ಲ. ಒಂದು ಊರು ಸಾಕು. ಎರಡು ದಿನ ಸಾಕು. ಮನೆಯ ಬುತ್ತಿ, ನಿಧಾನದ ರೈಲು, ಮೂರು ಜನ ಗೆಳೆಯರು. ಆದರೆ ಹೋಗಿ. ದಯವಿಟ್ಟು ಹೋಗಿ. ಮನೆಯವರೂ ಅಷ್ಟೇ, ಮಕ್ಕಳು ನಗುತ್ತಿರುವ ಫೋಟೋ ಬಂದರೆ ಖರ್ಚು ಕೇಳುವ ಮೊದಲು "ಯಾರ ಜೊತೆ ಹೋಗಿದ್ದೆ, ಏನು ತಿಂದೆ" ಅಂತ ಕೇಳಿ. ಬಚ್ಚಿಡುವುದನ್ನು ಕಲಿತ ಮಕ್ಕಳು ಫೇಲಾದದ್ದನ್ನೂ ಬಚ್ಚಿಡುತ್ತಾರೆ.

ಆ ಭಾನುವಾರ ರೂಮಿಗೆ ಬರುವಾಗ ತುಂಬಾ ತಡವಾಗಿತ್ತು. ಸೋಮವಾರ ಅಮ್ಮನಿಗೆ ವೀಡಿಯೋ ಕಾಲ್ ಮಾಡಿದೆ. ದೊಡ್ಡಪ್ಪನ ಮೆಸೇಜಿನ ವಿಷಯ ಅವಳಿಗೂ ಗೊತ್ತಾಗಿತ್ತು. "ದುಡ್ಡು ಜಾಸ್ತಿ ಆಯ್ತಾ ಮಗಾ?" ಅಂತಲೇ ಶುರು ಮಾಡಿದಳು. ನಾನು ಉತ್ತರ ಕೊಡದೆ ಮ್ಯೂಸಿಯಂನಲ್ಲಿ ತೆಗೆದ ಆ ಚಿತ್ರದ ಫೋಟೋ ಕಳಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ದೊಡ್ಡದು ಮಾಡಿ ನೋಡಿದಳು. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು, "ಇವರಿಗೆ ದಿನಗೂಲಿನಾ, ಕೆಜಿ ಲೆಕ್ಕನಾ?"

ನನಗೆ ಗೊತ್ತಿರಲಿಲ್ಲ. ನೋಡಿಕೊಂಡು ಬಂದಿಲ್ಲ ಅಂದೆ.

"ಇನ್ನೊಂದ್ ಸಲ ಹೋದಾಗ ಸರಿಯಾಗಿ ಕೇಳ್ಕೊಂಡು ಬಾ" ಅಂದಳು ಅಮ್ಮ.